ನಿಂತಾಗ ಬರುವ ತೊಂದರೆಯನ್ನು ನಿಲ್ಲಿಸಿಯೇ ನೋಡಬೇಕು: ಕಾಲಿನ ಸಿರೆಗಳಿಗೆ ಸೂಜಿಯಿಲ್ಲದ ತಪಾಸಣೆ

“ಡಾಪ್ಲರ್ ಅಂದ್ರೆ ಎಂತ ಸಿಸ್ಟರೇ? ಕಾಲಿಗೆ ಕರೆಂಟು ಕೊಡುವುದಾ?”

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸುತ್ತಮುತ್ತಲಿನ ಮನೆಗಳಿಗೆ ಪಾಲಿಯೇಟಿವ್ ತಂಡದ ಜೊತೆ ಹೋಗಿ ಕಾಲಿನ ಹುಣ್ಣು ತೊಳೆದು ಬ್ಯಾಂಡೇಜು ಕಟ್ಟುವ ನನಗೆ ಈ ಪ್ರಶ್ನೆ ಹೊಸತಲ್ಲ. ಡಾಪ್ಲರ್ ಅಂದರೆ ಕಾಲಿನ ರಕ್ತದ ಹರಿವು ನೋಡುವ ಅಲ್ಟ್ರಾಸೌಂಡ್ ಸ್ಕ್ಯಾನ್. ಕರೆಂಟು ಕೊಡುವುದಿಲ್ಲ. ಸೂಜಿ ಚುಚ್ಚುವುದಿಲ್ಲ, ಬಣ್ಣದ ಔಷಧ ಒಳಗೆ ಬಿಡುವುದಿಲ್ಲ, ಎಕ್ಸ್‌ರೇಯೂ ಇಲ್ಲ. ತಣ್ಣಗಿನ ಜೆಲ್ ಹಚ್ಚಿ, ಕೈಯಲ್ಲಿ ಹಿಡಿಯುವಷ್ಟು ದೊಡ್ಡ ಒಂದು ಪ್ರೋಬನ್ನು ಚರ್ಮದ ಮೇಲೆ ಆಡಿಸುತ್ತಾರೆ, ಅಷ್ಟೆ. ಆದರೂ ಇದೇ ಹೆದರಿಕೆಯಿಂದ ವರ್ಷಗಟ್ಟಲೆ ಮುಂದೂಡಿ, ಪಾದದ ಒಳಗಂಟಿನ ಮೇಲೆ ಅಂಗೈಯಗಲದ ಹುಣ್ಣಾದ ಮೇಲೆ ತಲಪಾಡಿ ಗಡಿ ದಾಟಿ ಮಂಗಳೂರಿಗೆ ಹೊರಡುವವರು ಎಷ್ಟೋ ಮಂದಿ. ಆ ಹುಣ್ಣು ಒಂದೇ ದಿನದಲ್ಲಿ ಆದದ್ದಲ್ಲ. ಅದಕ್ಕೆ ಬಹಳ ಮೊದಲೇ ಕಾಲು ಸೂಚನೆ ಕೊಟ್ಟಿರುತ್ತದೆ, ಆ ಸೂಚನೆಯನ್ನು ಓದಲು ಯಾರಿಗೂ ನೋವು ಮಾಡಬೇಕಾಗಿಲ್ಲ.

ಮೊದಲು ಒಳಗೆ ನಡೆಯುವುದೇನು ಅಂತ ತಿಳಿಯಬೇಕು. ಹೃದಯದಿಂದ ಕಾಲಿಗೆ ರಕ್ತ ತರುವವು ಅಪಧಮನಿಗಳು, ವಾಪಸು ಒಯ್ಯುವವು ಸಿರೆಗಳು. ಮನೆಯಲ್ಲಿ ‘ನರ ಉಬ್ಬಿದೆ’ ಅನ್ನುವುದು ಈ ಸಿರೆಗಳನ್ನೇ. ಬರುವ ರಕ್ತವನ್ನು ತಳ್ಳಲು ಹೃದಯವಿದೆ. ಹೋಗುವ ರಕ್ತ ಪಾದದಿಂದ ಎದೆಯವರೆಗೆ ಎದುರೇರಿ ಹತ್ತಬೇಕು.

ಅಡಿಕೆ ತೋಟ ಇರುವವರಿಗೆ ಇದನ್ನು ಹೇಳಿಕೊಡುವುದು ಸುಲಭ. ಕೆರೆಗೆ ಇಳಿಸಿದ ಪೈಪಿನ ತುದಿಯಲ್ಲಿ ಫುಟ್‌ವಾಲ್ವ್ ಇರುತ್ತದಲ್ಲ, ಅದು ಸರಿಯಿದ್ದರೆ ಪಂಪು ನಿಲ್ಲಿಸಿದ ಮೇಲೂ ಪೈಪಿನ ನೀರು ಪೈಪಿನಲ್ಲೇ ನಿಲ್ಲುತ್ತದೆ. ಒಳಗಿನ ವಾಶರ್ ಸವೆದರೆ, ಕಸ ಸಿಕ್ಕಿಕೊಂಡರೆ ಏರಿದ ನೀರೆಲ್ಲ ಕೆರೆಗೇ ಇಳಿಯುತ್ತದೆ. ಕಾಲಿನ ಸಿರೆಗಳಲ್ಲಿ ಅಂಥ ಕವಾಟ ತುದಿಯಲ್ಲಿ ಒಂದಲ್ಲ, ಉದ್ದಕ್ಕೂ ಹಲವು ಇವೆ. ಪಂಪಿನ ಕೆಲಸ ಮೀನಖಂಡದ್ದು. ಹೆಜ್ಜೆಯಿಟ್ಟಾಗಲೆಲ್ಲ ಆ ಸ್ನಾಯು ಬಿಗಿದು ಒಳಗಿನ ಸಿರೆಗಳನ್ನು ಹಿಂಡುತ್ತದೆ, ರಕ್ತ ಮೇಲಕ್ಕೆ ಹೋಗುತ್ತದೆ. ಸ್ನಾಯು ಸಡಿಲವಾದಾಗ ಕವಾಟ ಮುಚ್ಚಿಕೊಂಡು ರಕ್ತ ಕೆಳಗೆ ಬೀಳದಂತೆ ತಡೆಯುತ್ತದೆ.

ಇದನ್ನು ಅಂಕೆಯಲ್ಲಿ ನೋಡಿದರೆ ವಿಷಯದ ತೂಕ ಗೊತ್ತಾಗುತ್ತದೆ. ಸುಮ್ಮನೆ ನಿಂತವರ ಪಾದದ ಸಿರೆಯಲ್ಲಿ ಒತ್ತಡ ಸುಮಾರು 80ರಿಂದ 90 ಮಿಲಿಮೀಟರ್ ಪಾದರಸದಷ್ಟಿರುತ್ತದೆ. ಅವರೇ ನಡೆಯತೊಡಗಿದರೆ ಆರೋಗ್ಯವಂತ ಕಾಲಿನಲ್ಲಿ ಅದು 30ಕ್ಕಿಂತ ಕೆಳಗೆ ಇಳಿಯುತ್ತದೆ. ಕವಾಟ ಕೆಟ್ಟ ಕಾಲಿನಲ್ಲಿ ನಡೆದರೂ ಸರಿಯಾಗಿ ಇಳಿಯುವುದಿಲ್ಲ. ಇಳಿಯದ ಆ ಒತ್ತಡವೇ ರೋಗದ ಮೂಲ. ಅದರಿಂದ ಸಿರೆ ಅಗಲವಾಗುತ್ತದೆ, ಅಗಲವಾದಷ್ಟೂ ಕವಾಟದ ಎರಡು ತುಟಿಗಳು ಒಂದನ್ನೊಂದು ಮುಟ್ಟದಾಗುತ್ತವೆ, ನೀರಿನಂಶ ಹೊರಗೆ ಜಿನುಗಿ ಕಾಲು ಬೀಗುತ್ತದೆ, ಕೆಂಪು ರಕ್ತಕಣಗಳೂ ಜಿನುಗಿ ಅವುಗಳ ಕಬ್ಬಿಣದಂಶ ಚರ್ಮದಲ್ಲಿ ಉಳಿದು ಕಂದು ಕಲೆಯಾಗುತ್ತದೆ. ಕೊನೆಗೆ ಚರ್ಮ ಗಟ್ಟಿಯಾಗಿ, ಸಣ್ಣ ಗೀರಾದರೂ ಮಾಯದೆ ಹುಣ್ಣಾಗುತ್ತದೆ.

ಯಾರಿಗೆ ಬರುತ್ತದೆ? ಜಂಬ್ರದ (ಸಮಾರಂಭದ) ಮನೆಯಲ್ಲಿ ಬೆಳಗ್ಗಿನ ಕತ್ತಲೆಯಿಂದ ಒಲೆಯ ಮುಂದೆ ನಿಲ್ಲುವ ಅಡುಗೆಯವರು, ಪೇಟೆಯ ಜವುಳಿ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುವ ಹುಡುಗಿಯರು, ಬಸ್ಸಿನ ಕಂಡಕ್ಟರು, ಸೆಲೂನಿನವರು, ಟೀಚರುಗಳು. ನಿಲ್ಲುವುದೊಂದೇ ಕಾರಣವಲ್ಲ. ತಂದೆ ತಾಯಿಗಿದ್ದರೆ ಮಕ್ಕಳಿಗೆ ಬರುವ ಸಂಭವ ಹೆಚ್ಚು. ಬಸಿರು, ಮೈತೂಕ, ವಯಸ್ಸು, ಹಿಂದೆ ಎಂದೋ ಕಾಲಿನ ಒಳಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿದ್ದು, ಇವೆಲ್ಲ ಸೇರುತ್ತವೆ. ಇದು ಹೆಂಗಸರ ಕಾಯಿಲೆ ಅಂತ ಗಂಡಸರು ನಿಶ್ಚಿಂತರಾಗಿರುವುದುಂಟು. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ 18ರಿಂದ 64 ವರ್ಷದವರನ್ನು ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮುಖ್ಯ ಸಿರೆಗಳ ಉಬ್ಬು ಸುಮಾರು 40 ಶೇಕಡಾ ಗಂಡಸರಲ್ಲೂ 32 ಶೇಕಡಾ ಹೆಂಗಸರಲ್ಲೂ ಕಂಡಿತ್ತು. ನಮ್ಮಲ್ಲಿ ಪಂಚೆ ಉಟ್ಟವರು ತೋರಿಸುವುದಿಲ್ಲ, ನಾವೂ ಕೇಳುವುದಿಲ್ಲ.

ಕವಾಟವಿದೆ ಅಂತ ನಂಬಲು ಯಂತ್ರ ಬೇಡ. 1628ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ ತೋರಿಸಿದ ಉಪಾಯವನ್ನು ಯಾರೂ ತಮ್ಮ ಕೈಯಲ್ಲೇ ಮಾಡಿ ನೋಡಬಹುದು. ಕೈಯನ್ನು ಕೆಳಗೆ ಇಳಿಬಿಟ್ಟು ಮುಂಗೈಯ ಸಿರೆ ತುಂಬಿ ಕಾಣುವಾಗ ಮಣಿಗಂಟಿನ ಹತ್ತಿರ ಒಂದು ಬೆರಳಿನಿಂದ ಅದನ್ನು ಒತ್ತಿ ಹಿಡಿಯಿರಿ. ಇನ್ನೊಂದು ಬೆರಳಿನಿಂದ ಅಲ್ಲಿಂದ ಮೊಣಕೈ ಕಡೆಗೆ ಸವರಿ ರಕ್ತವನ್ನು ಮೇಲಕ್ಕೆ ನೂಕಿ ಆ ಬೆರಳನ್ನು ಎತ್ತಿ. ಸವರಿದ ಭಾಗದ ಸಿರೆ ಬರಿದಾಗಿಯೇ ಇರುತ್ತದೆ. ಮೇಲಿನ ಕವಾಟದವರೆಗೆ ಮಾತ್ರ ತುಂಬಿ, ಅದರ ಕೆಳಗೆ ಒಂದು ಹನಿ ಇಳಿಯುವುದಿಲ್ಲ. ಕೆಳಗಿನ ಬೆರಳು ತೆಗೆದ ಕೂಡಲೇ ಅಡಿಯಿಂದ ತುಂಬುತ್ತದೆ. ಇವತ್ತಿನ ಯಂತ್ರಗಳೆಲ್ಲ ಕೇಳುವುದು ಇದೇ ಪ್ರಶ್ನೆಯನ್ನು: ಮೇಲೆ ಹೋದ ರಕ್ತ ಕೆಳಗೆ ಬರುತ್ತಿದೆಯೇ, ಬಂದರೆ ಎಷ್ಟು ಹೊತ್ತು?

ಯಂತ್ರಕ್ಕೆ ಮೊದಲು ಕಣ್ಣು. ಸಂಜೆ ಹೊತ್ತು, ಒಳ್ಳೆಯ ಬೆಳಕಿನಲ್ಲಿ, ಮೊಣಕಾಲಿನ ಮೇಲಿನವರೆಗೆ ಬಟ್ಟೆ ಎತ್ತಿ ಒಂದೆರಡು ನಿಮಿಷ ನಿಂತ ಮೇಲೆ ನೋಡಬೇಕು. ಬೆಳಗ್ಗೆ ಎದ್ದ ಕೂಡಲೇ ನೋಡಿದರೆ ಅರ್ಧ ಸತ್ಯವಷ್ಟೇ ಕಾಣುತ್ತದೆ, ರಾತ್ರಿಯಿಡೀ ಮಲಗಿದ್ದರಿಂದ ಬೀಗು ಇಳಿದಿರುತ್ತದೆ. ತೊಡೆಯ ಒಳಭಾಗ, ಮೊಣಕಾಲಿನ ಹಿಂದಿನ ಗುಳಿ, ಮೀನಖಂಡ, ಪಾದದ ಒಳಗಂಟಿನ ಸುತ್ತು, ಈ ನಾಲ್ಕು ಕಡೆ ತಪ್ಪದೆ ನೋಡಬೇಕು.

ಕಂಡದ್ದನ್ನು ವೈದ್ಯರು ಸಿಇಎಪಿ ಎಂಬ ಪಟ್ಟಿಯಲ್ಲಿ ಬರೆಯುತ್ತಾರೆ. 1994ರಲ್ಲಿ ಹವಾಯಿಯಲ್ಲಿ ಸೇರಿದ ತಜ್ಞರು ರೂಪಿಸಿದ್ದು, ಆಮೇಲೆ 2004ರಲ್ಲೂ 2020ರಲ್ಲೂ ತಿದ್ದಿದ್ದಾರೆ. ಚೀಟಿಯಲ್ಲಿ ‘ಸಿ’ ಅಕ್ಷರದ ಮುಂದೆ 0ಯಿಂದ 6ರವರೆಗೆ ಒಂದು ಅಂಕೆ ಇರುತ್ತದೆ. ಏನೂ ಕಾಣದಿದ್ದರೆ 0. ಚರ್ಮದಲ್ಲಿ ಒಂದು ಮಿಲಿಮೀಟರಿಗಿಂತ ಸಣ್ಣ ಕೆಂಪು-ನೀಲಿ ಎಳೆಗಳು, ಅಥವಾ ಮೂರು ಮಿಲಿಮೀಟರಿಗಿಂತ ಸಣ್ಣ ನೀಲಿ ಸಿರೆಗಳಿದ್ದರೆ 1. ನಿಂತಾಗ ಮೂರು ಮಿಲಿಮೀಟರ್ ಅಥವಾ ಹೆಚ್ಚು ದಪ್ಪಗೆ ಉಬ್ಬಿ ಅಂಕುಡೊಂಕಾದರೆ 2. ಅದಕ್ಕೆ ಬೀಗು ಸೇರಿದರೆ 3. ಚರ್ಮ ಕೆಟ್ಟರೆ, ಅಂದರೆ ಕಂದು ಕಲೆ, ತುರಿಕೆಯ ಎಕ್ಸಿಮಾ, ಗಂಟಿನ ಮೇಲೆ ಚರ್ಮ ಗಟ್ಟಿಯಾಗಿ ಕಾಲು ಸಪೂರವಾಗುವುದು, ಬಿಳಿಚಿದ ಕಲೆ, ಪಾದದ ಒಳಬದಿಯಲ್ಲಿ ಬೀಸಣಿಗೆಯಾಕಾರದ ಸಣ್ಣ ಸಿರೆಗಳು, ಇವೆಲ್ಲ 4. ಮಾಗಿದ ಹುಣ್ಣು 5, ಬಾಯಿ ಬಿಟ್ಟ ಹುಣ್ಣು 6.

ನನ್ನ ಪಾಲಿಗೆ ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು 4. ಹುಣ್ಣಾಗುವ ಮೊದಲು ಕಾಲು ಕೊಡುವ ಕೊನೆಯ ಸೂಚನೆ ಅದು. ಆ ಹಂತದಲ್ಲಿ ಬಂದವರಿಗೆ ಮಾಡಬಹುದಾದದ್ದು ಬಹಳ ಉಂಟು. ಆದರೆ ಜನ ಅದನ್ನು ಚರ್ಮರೋಗ ಅಂದುಕೊಂಡು ಮೆಡಿಕಲ್ ಶಾಪಿನಿಂದ ಮುಲಾಮು ತಂದು ಹಚ್ಚುತ್ತಾರೆ. ತುರಿಕೆ ಕಡಿಮೆಯಾಗುತ್ತದೆ, ಪುನಃ ಬರುತ್ತದೆ, ಟ್ಯೂಬು ಬದಲಾಗುತ್ತದೆ. ಗಂಟಿನ ಮೇಲಿನ ಕಪ್ಪು ತುರಿಕೆ ಆರು ತಿಂಗಳಾದರೂ ಹೋಗದಿದ್ದರೆ ಸಿರೆಗಳನ್ನು ಒಮ್ಮೆ ನೋಡಿಸಲೇಬೇಕು.

ಆಮೇಲೆ ಕೈ. ಕಣಕಾಲಿನ ಎಲುಬಿನ ಮೇಲೆ, ಪಾದದ ಗಂಟಿಗಿಂತ ಸ್ವಲ್ಪ ಮೇಲಕ್ಕೆ, ಹೆಬ್ಬೆರಳಿನಿಂದ ಹತ್ತು ಸೆಕೆಂಡು ಒತ್ತಿ ತೆಗೆದಾಗ ಗುಳಿ ಉಳಿದರೆ ನೀರು ನಿಂತಿದೆ ಅಂತ. ನೀರು ಎಲ್ಲಿಂದ ಅನ್ನುವುದು ಬೇರೆ ಪ್ರಶ್ನೆ. ಎರಡೂ ಕಾಲು ಒಂದೇ ಸಮ ಬೀಗಿದ್ದರೆ ಹೃದಯ, ಮೂತ್ರಪಿಂಡ, ಲಿವರ್ ನೋಡಬೇಕು. ಬಿಪಿಗೆ ಕೊಡುವ ಆಮ್ಲೋಡಿಪಿನ್ ಮಾತ್ರೆಯಿಂದಲೂ ಗಂಟು ಬೀಗುವುದುಂಟು, ಹಾಗಂತ ಡಾಕ್ಟರನ್ನು ಕೇಳದೆ ಅದನ್ನು ನಿಲ್ಲಿಸಬಾರದು. ನಮ್ಮ ಕರಾವಳಿಯಲ್ಲಿ ಇನ್ನೊಂದನ್ನೂ ನೆನಪಿಡಬೇಕು, ಆನೆಕಾಲು. ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಆಯುರ್ವೇದ ಮತ್ತು ಆಧುನಿಕ ವೈದ್ಯವನ್ನು ಸೇರಿಸಿ ಆನೆಕಾಲಿಗೆ ಚಿಕಿತ್ಸೆ ರೂಪಿಸಿ ಹೆಸರಾಗಿದೆ. ಆನೆಕಾಲಿನಂತೆ ದುಗ್ಧನಾಳ (ಲಿಂಫ್ ನಾಳ) ಕಟ್ಟಿ ಬೀಗುವ ಕಾಲಿಗೂ ಸಿರೆ ಕೆಟ್ಟು ಬೀಗುವ ಕಾಲಿಗೂ ವ್ಯತ್ಯಾಸ ತಿಳಿಯಲು ಒಂದು ಸಣ್ಣ ಪರೀಕ್ಷೆ ಉಂಟು. ಹೆಬ್ಬೆರಳಿನ ಪಕ್ಕದ ಕಾಲ್ಬೆರಳಿನ ಬುಡದಲ್ಲಿ, ಮೇಲಿನ ಚರ್ಮವನ್ನು ಚಿವುಟಿ ಎತ್ತಿ ನೋಡುವುದು. ಮಡಿಕೆಯಾಗಿ ಎತ್ತಲು ಬಾರದಷ್ಟು ದಪ್ಪವಾಗಿದ್ದರೆ ದುಗ್ಧನಾಳದ ತೊಂದರೆಯ ಕಡೆ ಬೆರಳು ತೋರಿಸುತ್ತದೆ. ಸಿರೆಯ ಬೀಗು ಸಾಮಾನ್ಯವಾಗಿ ಕಾಲ್ಬೆರಳುಗಳನ್ನು ಬಿಟ್ಟು ಗಂಟಿನ ಸುತ್ತ ಕೂರುತ್ತದೆ, ರಾತ್ರಿ ಕಾಲು ಎತ್ತರಿಸಿ ಮಲಗಿದರೆ ಇಳಿಯುತ್ತದೆ. ಎರಡೂ ಒಟ್ಟಿಗೆ ಇರುವ ಕಾಲುಗಳೂ ಇವೆ.

ಇನ್ನು ಯಂತ್ರಗಳಿಗೆ ಬರೋಣ. ಹಿಂದೆ ಸಿರೆಯ ಒತ್ತಡ ಅಳೆಯಲು ಪಾದದ ಮೇಲ್ಭಾಗದ ಸಿರೆಗೆ ಸೂಜಿ ಹಾಕಿ, ಆ ಸೂಜಿಯೊಂದಿಗೇ ತುದಿಗಾಲಲ್ಲಿ ಎದ್ದು ಇಳಿಯಲು ಹೇಳುತ್ತಿದ್ದರು. ದಾರಿ ಕಟ್ಟಿದೆಯೇ ನೋಡಲು ಪಾದದಿಂದ ಬಣ್ಣದ ಔಷಧ ಬಿಟ್ಟು ಎಕ್ಸ್‌ರೇ ತೆಗೆಯುತ್ತಿದ್ದರು. ಈಗ ಇವೆರಡೂ ಅಪರೂಪ. ಜನರ ಮನಸ್ಸಿನಲ್ಲಿ ಉಳಿದಿರುವ ಹೆದರಿಕೆ ಆ ಕಾಲದ್ದು.

ಸೂಜಿಯ ಬದಲಿಗೆ ಬಂದವುಗಳಲ್ಲಿ ತೀರಾ ಸರಳವಾದದ್ದು ಬೆಳಕಿನ ಪರೀಕ್ಷೆ, ಫೋಟೋಪ್ಲೆಥಿಸ್ಮೋಗ್ರಫಿ, ಚಿಕ್ಕದಾಗಿ ಪಿಪಿಜಿ. ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿ, ಒಳಗಂಟಿನಿಂದ ಸುಮಾರು ನಾಲ್ಕು ಬೆರಳು ಮೇಲೆ ಒಂದು ಸಣ್ಣ ಬಿಲ್ಲೆಯನ್ನು ಟೇಪಿನಿಂದ ಅಂಟಿಸುತ್ತಾರೆ. ಅದರಿಂದ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಚರ್ಮದೊಳಗೆ ಹೋಗಿ ವಾಪಸು ಬರುತ್ತದೆ. ರಕ್ತ ಹೆಚ್ಚಿದ್ದರೆ ಹೆಚ್ಚು ಬೆಳಕನ್ನು ಹೀರುತ್ತದೆ, ಕಡಿಮೆಯಿದ್ದರೆ ಹೆಚ್ಚು ಬೆಳಕು ಮರಳುತ್ತದೆ. ಹಿಮ್ಮಡಿ ನೆಲದಲ್ಲಿಟ್ಟು ಪಾದದ ಮುಂಭಾಗವನ್ನು ಹತ್ತು ಸಲ ಎತ್ತಿ ಇಳಿಸಲು ಹೇಳುತ್ತಾರೆ. ಮೀನಖಂಡ ಕೆಲಸ ಮಾಡಿ ಸಿರೆಗಳು ಬರಿದಾಗುತ್ತವೆ. ಆಮೇಲೆ ಅಲ್ಲಾಡದೆ ಕೂರಬೇಕು, ರಕ್ತ ಪುನಃ ತುಂಬಲು ಎಷ್ಟು ಸೆಕೆಂಡು ಹಿಡಿಯುತ್ತದೆ ಅಂತ ಯಂತ್ರ ಗೆರೆ ಎಳೆಯುತ್ತದೆ. ಕವಾಟ ಸರಿಯಿದ್ದರೆ ತುಂಬುವ ರಕ್ತ ಅಪಧಮನಿಯ ದಾರಿಯಿಂದ ನಿಧಾನವಾಗಿ ಬಂದದ್ದು ಮಾತ್ರ, 25 ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತದೆ. 20ಕ್ಕಿಂತ ಕಡಿಮೆಯಾದರೆ ಮೇಲಿನಿಂದ ರಕ್ತ ಕೆಳಗೆ ಇಳಿಯುತ್ತಿದೆ ಅಂತ ಅರ್ಥ. ಹತ್ತು ಸೆಕೆಂಡಿಗೂ ಮೊದಲೇ ತುಂಬಿದರೆ ತೊಂದರೆ ಜೋರಾಗಿದೆ. ಮೊಣಕಾಲಿನ ಕೆಳಗೆ ಪಟ್ಟಿ ಕಟ್ಟಿ ಪುನಃ ಅಳೆದಾಗ ಸಮಯ ಸರಿಯಾದರೆ ದೋಷ ಚರ್ಮದ ಕೆಳಗಿನ ಮೇಲ್ಸಿರೆಯದ್ದು, ಪಟ್ಟಿ ಕಟ್ಟಿದರೂ ಹಾಗೇ ಇದ್ದರೆ ಆಳದ ಒಳಸಿರೆಯದ್ದು ಇರಬಹುದು.

ಈ ಯಂತ್ರ ಸಣ್ಣದು, ಹೊತ್ತೊಯ್ಯಬಹುದು, ನರ್ಸ್ ಒಬ್ಬರು ಕಲಿತು ಮಾಡಬಹುದು. ಹಳ್ಳಿಯ ಶಿಬಿರಕ್ಕೆ ಸರಿಯಾದ ಯಂತ್ರ ಇದು ಅಂತ ನನ್ನ ಅಭಿಪ್ರಾಯ. ಆದರೆ ಅದು ಹೇಳುವುದು ತೊಂದರೆ ಉಂಟು ಅಥವಾ ಇಲ್ಲ ಅಂತ ಮಾತ್ರ. ಯಾವ ಸಿರೆ, ಯಾವ ಜಾಗದಿಂದ ಅಂತ ಹೇಳುವುದಿಲ್ಲ. ಗಂಟು ಹಿಡಿದು ಪಾದ ಆಡಿಸಲಾಗದ ವಯಸ್ಸಾದವರಲ್ಲಿ ಫಲಿತಾಂಶ ನಂಬುವಂತಿಲ್ಲ. ಗಾಳಿಚೀಲ ಸುತ್ತಿ ಕಾಲಿನ ಗಾತ್ರದ ಏರಿಳಿತ ಅಳೆಯುವ ಇನ್ನೊಂದು ಯಂತ್ರವೂ ಉಂಟು, ಅದು ಹೆಚ್ಚಾಗಿ ದೊಡ್ಡ ಕೇಂದ್ರಗಳ ಲ್ಯಾಬಿನಲ್ಲಿ ಮಾತ್ರ.

ಜಾಗ ಹುಡುಕುವುದಕ್ಕೆ ಬೇಕಾದದ್ದು ಡ್ಯೂಪ್ಲೆಕ್ಸ್ ಸ್ಕ್ಯಾನ್, ಜನ ಡಾಪ್ಲರ್ ಅನ್ನುವುದು ಇದನ್ನೇ. ಆಸ್ಟ್ರಿಯಾದ ಕ್ರಿಸ್ಟಿಯನ್ ಡಾಪ್ಲರ್ 1842ರಲ್ಲಿ ನಕ್ಷತ್ರಗಳ ಬಣ್ಣದ ಬಗ್ಗೆ ಮಾತಾಡುತ್ತಾ ಹೇಳಿದ ತತ್ವ ಇವತ್ತು ಕಾಲಿನ ರಕ್ತಕ್ಕೆ ಬಂದಿದೆ. ಪ್ರೋಬಿನಿಂದ ಹೋದ ಶಬ್ದತರಂಗ ಚಲಿಸುವ ರಕ್ತಕಣಕ್ಕೆ ಬಡಿದು ವಾಪಸು ಬರುವಾಗ ಅದರ ಸ್ಥಾಯಿ ಬದಲಾಗುತ್ತದೆ. ಕಣ ಪ್ರೋಬಿನ ಕಡೆ ಬರುತ್ತಿದ್ದರೆ ಏರುತ್ತದೆ, ದೂರ ಹೋಗುತ್ತಿದ್ದರೆ ಇಳಿಯುತ್ತದೆ. ಆ ವ್ಯತ್ಯಾಸವನ್ನೇ ಯಂತ್ರ ಕೆಂಪು-ನೀಲಿಯಾಗಿ ತೋರಿಸುತ್ತದೆ. ಪರದೆಯಲ್ಲಿ ನೀಲಿ ಕಂಡರೆ ‘ಕೆಟ್ಟ ರಕ್ತ’ ಅಂತ ಗಾಬರಿಯಾಗಬೇಡಿ. ಬಣ್ಣ ಹೇಳುವುದು ದಿಕ್ಕನ್ನು ಮಾತ್ರ.

ಒಬ್ಬ ಅಡುಗೆಭಟ್ಟರ ಜೊತೆ ಮಂಗಳೂರು ಕಡೆಯ ಒಂದು ಆಸ್ಪತ್ರೆಗೆ ಹೋಗಿದ್ದಾಗ ಈ ಪರೀಕ್ಷೆಯನ್ನು ಪಕ್ಕದಲ್ಲೇ ನಿಂತು ನೋಡಿದೆ. ಬಲಗಾಲಿನ ಒಳಗಂಟಿನ ಮೇಲೆ ಅವರಿಗೆ ಮಾಗಿದ ಹುಣ್ಣಿನ ಕಲೆ, ಅದರ ಸುತ್ತ ಕಾಫಿಬಣ್ಣದ ಚರ್ಮ. ಡಾಕ್ಟರು ಅವರನ್ನು ಮಲಗಿಸಲಿಲ್ಲ. ಹಿಡಿದುಕೊಳ್ಳಲು ಕಂಬಿಯಿದ್ದ ಸಣ್ಣ ಮೆಟ್ಟಿಲಿನ ಮೇಲೆ ನಿಲ್ಲಿಸಿದರು.

“ಭಟ್ರೇ, ಭಾರ ಎಲ್ಲ ಎಡಗಾಲಿಗೆ ಹಾಕಿ. ಬಲಗಾಲು ಸ್ವಲ್ಪ ಹೊರಗೆ ತಿರುಗಿಸಿ, ಸಡಿಲ ಬಿಡಿ.”

“ತಲೆ ತಿರುಗಿದರೆ ಎಂತ ಮಾಡುವುದು?”

“ಕೂಡಲೇ ಹೇಳಿ, ಕೂರಿಸ್ತೇವೆ. ಸಿಸ್ಟರ್ ಇದ್ದಾರಲ್ಲ ಹತ್ತಿರ.”

ತೊಡೆಸಂದಿನಲ್ಲಿ ಜೆಲ್ ಹಚ್ಚಿ ಪ್ರೋಬ್ ಇಟ್ಟರು. ಅಲ್ಲಿ ಮೇಲ್ಸಿರೆ ಒಳಸಿರೆಗೆ ಸೇರುವ ಜಾಗ. ಇನ್ನೊಂದು ಕೈಯಿಂದ ಮೀನಖಂಡವನ್ನು ಗಟ್ಟಿಯಾಗಿ ಹಿಂಡಿದರು. ಸ್ಪೀಕರಿನಲ್ಲಿ ‘ಹುಶ್’ ಅಂತ ಒಂದು ಸದ್ದು, ಪರದೆಯಲ್ಲಿ ನೀಲಿ. ಅದು ಮೇಲೆ ಹೋದ ರಕ್ತ. ಕೈ ಬಿಟ್ಟರು. ಅಲ್ಲಿಗೆ ಸದ್ದು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ನೀಲಿಯಿದ್ದ ಜಾಗ ಕೆಂಪಾಯಿತು, ಇನ್ನೊಂದು ಉದ್ದನೆಯ ‘ಹುಶ್ಶ್ಶ್’ ಶುರುವಾಗಿ ಎಳೆದುಕೊಂಡೇ ಹೋಯಿತು, ಗೆರೆ ಅಡಿಯಿಂದ ಮೇಲಕ್ಕೆ ಹಾರಿ ಮೂರು ಸೆಕೆಂಡಿನ ಹತ್ತಿರ ನಿಂತಿತು. ಮೇಲ್ಸಿರೆಯಲ್ಲಿ ಅರ್ಧ ಸೆಕೆಂಡಿಗಿಂತ ಹೆಚ್ಚು, ತೊಡೆ ಮತ್ತು ಮೊಣಕಾಲ ಹಿಂದಿನ ಒಳಸಿರೆಯಲ್ಲಿ ಒಂದು ಸೆಕೆಂಡಿಗಿಂತ ಹೆಚ್ಚು ರಕ್ತ ಹಿಂದಕ್ಕೆ ಹರಿದರೆ ಅದನ್ನು ರಿಫ್ಲಕ್ಸ್ ಅಂತ ಪರಿಗಣಿಸುತ್ತಾರೆ. ಕವಾಟ ಸರಿಯಿದ್ದವರಲ್ಲೂ ಅದು ಮುಚ್ಚುವವರೆಗಿನ ಕ್ಷಣದಲ್ಲಿ ಸ್ವಲ್ಪ ರಕ್ತ ಹಿಂದೆ ಬರುತ್ತದೆ, ಅದಕ್ಕೇ ಈ ಗಡಿ.

ಆಮೇಲೆ ತೊಡೆಯಿಂದ ಗಂಟಿನವರೆಗೆ ಜಾಗ ಜಾಗದಲ್ಲಿ ಹಿಂಡಿ, ಬಿಟ್ಟು, ಕೇಳುತ್ತಾ ಇಳಿದರು. ಕಾಲಿನ ಹಿಂಬದಿಯ ಸಣ್ಣ ಸಫೀನಸ್ ಸಿರೆ, ಮೇಲಿನ ಒಳಗಿನ ಸಿರೆಗಳನ್ನು ಜೋಡಿಸುವ ಪರ್ಫೊರೇಟರುಗಳು, ಹುಣ್ಣಿನ ಕಲೆಯ ಸುತ್ತು, ಒಂದನ್ನೂ ಬಿಡಲಿಲ್ಲ. ನಡುನಡುವೆ ಪ್ರೋಬನ್ನು ಒತ್ತಿ ಒಳಸಿರೆ ಚಪ್ಪಟೆಯಾಗುತ್ತದೆಯೇ ನೋಡಿದರು. ಚಪ್ಪಟೆಯಾದರೆ ಅಲ್ಲಿ ಹೆಪ್ಪು ಇಲ್ಲ. ಎರಡೂ ಕಾಲಿಗೆ ಅರ್ಧ ಗಂಟೆಗಿಂತ ಹೆಚ್ಚೇ ಹಿಡಿಯಿತು. ಮುಗಿದಾಗ ಭಟ್ಟರು ಕೇಳಿದ್ದು, “ಇಷ್ಟೇಯಾ?”

ಇಷ್ಟು ವಿವರವಾಗಿ ಬರೆದದ್ದು ಒಂದೇ ಕಾರಣಕ್ಕೆ. ಎಲ್ಲ ಕಡೆ ಹೀಗೆ ಮಾಡುವುದಿಲ್ಲ. ಮಂಚದಲ್ಲಿ ಮಲಗಿಸಿ, ಐದು ನಿಮಿಷದಲ್ಲಿ ಹೆಪ್ಪು ಇಲ್ಲ ಅಂತ ಬರೆದು ಕಳಿಸಿದ ರಿಪೋರ್ಟುಗಳನ್ನು ನಾನು ಮನೆಗಳಲ್ಲಿ ಕಂಡಿದ್ದೇನೆ. ಅದು ಸುಳ್ಳಲ್ಲ, ಹೆಪ್ಪು ನೋಡಲು ಮಲಗಿಸಿದರೂ ಆಗುತ್ತದೆ. ಆದರೆ ಕವಾಟದ ದೋಷ ನಿಂತಾಗ ಭೂಮಿಯ ಸೆಳೆತಕ್ಕೆ ಸಿಕ್ಕಿ ಹೊರಬೀಳುವ ದೋಷ. ಮಲಗಿದ ಕಾಲಿನಲ್ಲಿ ಅದು ಅಡಗಿಕೊಳ್ಳಬಹುದು. ‘ಡಾಪ್ಲರ್ ನಾರ್ಮಲ್’ ಅಂತ ಕಾಗದ ಹಿಡಿದು ಮನೆಗೆ ಬಂದವರ ಕಾಲಿನಲ್ಲಿ ಹುಣ್ಣು ಮಾಗುವುದೇ ಇಲ್ಲ. ನಿಲ್ಲಲಾಗದವರನ್ನು ಕಾಲು ಇಳಿಬಿಟ್ಟು ಕೂರಿಸಿಯೋ, ತಲೆಯ ಕಡೆ ಎತ್ತರವಾಗುವಂತೆ ಟೇಬಲ್ ಓರೆ ಮಾಡಿಯೋ ನೋಡಬಹುದು. ಸ್ಕ್ಯಾನಿಗೆ ಹೋಗುವವರು ಬಾಯಿಬಿಟ್ಟು ಕೇಳಿ: “ಕವಾಟದ ರಿಫ್ಲಕ್ಸ್ ನೋಡ್ತೀರಾ? ನಿಲ್ಲಿಸಿ ನೋಡ್ತೀರಾ?” ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಹೋಗುವ ಮೊದಲು ಉಪವಾಸ ಬೇಡ, ಹೊಟ್ಟೆ ತುಂಬ ಉಂಡು ನೀರು ಕುಡಿದು ಹೋಗಿ. ಮಧ್ಯಾಹ್ನದ ಮೇಲಿನ ಹೊತ್ತು ಸಿಕ್ಕಿದರೆ ಒಳ್ಳೆಯದು. ಕಾಲಿಗೆ ಬಿಗಿಯಾದ ಸ್ಟಾಕಿಂಗ್ (ಕಾಲುಚೀಲ) ಹಾಕುವವರು ಅವತ್ತು ಹಾಕದೆ ಹೋಗುವುದೋ ಹೇಗೆ ಅಂತ ಮೊದಲೇ ಫೋನಿನಲ್ಲಿ ಕೇಳಿಕೊಳ್ಳಿ. ತೊಡೆಸಂದಿನವರೆಗೆ ನೋಡುವುದರಿಂದ ಹೆಂಗಸರು ಹಿಂಜರಿಯುತ್ತಾರೆ. ಪರದೆ ಹಾಕಲು, ಪಕ್ಕದಲ್ಲಿ ಹೆಂಗಸೊಬ್ಬರು ಇರಲು ಕೇಳುವುದು ನಿಮ್ಮ ಹಕ್ಕು.

ರಿಪೋರ್ಟು ಇಂಗ್ಲಿಷಿನಲ್ಲಿರುತ್ತದೆ, ಅದೂ ಅರ್ಧ ಅಕ್ಷರಗಳಲ್ಲಿ. ಜಿಎಸ್‌ವಿ ಅಂದರೆ ಒಳಗಂಟಿನಿಂದ ತೊಡೆಸಂದಿನವರೆಗೆ ಹೋಗುವ ದೊಡ್ಡ ಮೇಲ್ಸಿರೆ, ಎಸ್‌ಎಸ್‌ವಿ ಅಂದರೆ ಮೀನಖಂಡದ ಹಿಂದಿನದ್ದು. ಎಸ್‌ಎಫ್‌ಜೆ ತೊಡೆಸಂದಿನ ಕೂಡು, ಎಸ್‌ಪಿಜೆ ಮೊಣಕಾಲ ಹಿಂದಿನ ಕೂಡು. ‘ಕಾಂಪಿಟೆಂಟ್’ ಅಂದರೆ ಕವಾಟ ಸರಿ, ‘ಇನ್‌ಕಾಂಪಿಟೆಂಟ್’ ಅಂದರೆ ಸೋರುತ್ತಿದೆ. ‘ಕಂಪ್ರೆಸಿಬಲ್’ ಅಂದರೆ ಒತ್ತಿದಾಗ ಚಪ್ಪಟೆಯಾಯಿತು, ಒಳ್ಳೆಯ ಸುದ್ದಿ. ಒಳ್ಳೆಯ ರಿಪೋರ್ಟಿನಲ್ಲಿ ರಿಫ್ಲಕ್ಸ್ ಎಷ್ಟು ಸೆಕೆಂಡು, ಸಿರೆ ಎಷ್ಟು ಮಿಲಿಮೀಟರ್ ದಪ್ಪ, ಯಾವ ಭಂಗಿಯಲ್ಲಿ ನೋಡಿದ್ದು, ಮೂರೂ ಇರುತ್ತದೆ. ಗಡಿಯ ಈಚೆಗೂ ಆಚೆಗೂ ಓಡಾಡುವ ನಮಗೆ ಇದು ಬಹಳ ಮುಖ್ಯ. ಇಲ್ಲಿ ತೋರಿಸಿ ಅಲ್ಲಿಗೆ ಹೋದಾಗ ಇವಿಲ್ಲದಿದ್ದರೆ ಪುನಃ ಸ್ಕ್ಯಾನ್ ಮಾಡಿಸಬೇಕಾಗುತ್ತದೆ, ಪುನಃ ದುಡ್ಡು. ಹಳೆಯ ಚೀಟಿಗಳನ್ನೆಲ್ಲ ಒಂದು ಫೈಲಿನಲ್ಲಿ ಹಾಕಿ ಒಯ್ಯಿರಿ. ಮಲಯಾಳ ಬಾರದ ಅಜ್ಜಿಯನ್ನು ಇಲ್ಲಿನ ಆಸ್ಪತ್ರೆಗೆ ಕರೆದೊಯ್ಯುವಾಗ ಎರಡೂ ಭಾಷೆ ಬಲ್ಲವರೊಬ್ಬರು ಜೊತೆಗಿರಲಿ. ಕಾಲು ಭಾರವಾಗುವುದು ಯಾವ ಹೊತ್ತಿಗೆ, ಸೆಳೆತ ನಡೆದಾಗಲೋ ಮಲಗಿದಾಗಲೋ ಅನ್ನುವುದು ಸ್ಕ್ಯಾನಿನಲ್ಲಿ ಕಾಣುವುದಿಲ್ಲ, ಅದನ್ನು ರೋಗಿಯೇ ಹೇಳಬೇಕು.

ಅಲ್ಟ್ರಾಸೌಂಡಿಗೂ ಮಿತಿ ಉಂಟು. ಸೊಂಟದೊಳಗಿನ ಸಿರೆಗಳು ಕರುಳಿನ ಗಾಳಿಯ ಹಿಂದೆ ಸರಿಯಾಗಿ ಕಾಣುವುದಿಲ್ಲ. ಕಾಲಿನ ಸಿರೆಗಳೆಲ್ಲ ಸರಿಯಿದ್ದೂ ಎಡಗಾಲು ಮಾತ್ರ ತೊಡೆಯವರೆಗೆ ಬೀಗುತ್ತಿದ್ದರೆ ಹೊಟ್ಟೆಯಲ್ಲಿ ಸಿರೆ ಅಮುಕಿಹೋಗಿದೆಯೇ ಅಂತ ಸಿಟಿ ಅಥವಾ ಎಂಆರ್ ಸ್ಕ್ಯಾನಿನಲ್ಲಿ ನೋಡುತ್ತಾರೆ.

ಈಗ ನಾನು ಅತಿ ಹೆಚ್ಚು ಒತ್ತಿ ಹೇಳಬೇಕಾದ ಮಾತು. ಸಿರೆಯ ತೊಂದರೆ ಅಂತ ಗೊತ್ತಾದ ಕೂಡಲೇ ಮೆಡಿಕಲ್ ಶಾಪಿಗೆ ಹೋಗಿ ಬಿಗಿಯಾದ ಸ್ಟಾಕಿಂಗ್ ತಂದು ಹಾಕಿಕೊಳ್ಳಬೇಡಿ. ಮೊದಲು ಅಪಧಮನಿ ಪರೀಕ್ಷೆಯಾಗಬೇಕು. ಬರುವ ರಕ್ತವೇ ಕಡಿಮೆಯಿರುವ ಕಾಲನ್ನು ಹೊರಗಿನಿಂದ ಬಿಗಿದರೆ ಚರ್ಮ ಸಾಯುತ್ತದೆ. ಸಕ್ಕರೆ ಕಾಯಿಲೆ ಇಷ್ಟಿರುವ, ಬೀಡಿ ಸೇದುವವರು ಇನ್ನೂ ಇರುವ ನಮ್ಮ ಊರಿನಲ್ಲಿ ಇದು ದೂರದ ಅಪಾಯವಲ್ಲ. ಪರೀಕ್ಷೆಯೂ ಸುಲಭ, ಸೂಜಿ ಇಲ್ಲ. ಬಿಪಿ ಪಟ್ಟಿಯನ್ನು ತೋಳಿಗೂ ಗಂಟಿನ ಮೇಲೂ ಕಟ್ಟಿ, ಕೈಯಲ್ಲಿ ಹಿಡಿಯುವ ಸಣ್ಣ ಡಾಪ್ಲರಿನಿಂದ ನಾಡಿಯ ಸದ್ದು ಕೇಳುತ್ತಾ ಎರಡು ಕಡೆಯ ಮೇಲಿನ ಬಿಪಿ ಅಳೆಯುತ್ತಾರೆ. ಕಾಲಿನ ಅಂಕೆಯನ್ನು ತೋಳಿನ ಅಂಕೆಯಿಂದ ಭಾಗಿಸಿದರೆ ಸಿಗುವುದು ಎಬಿಐ. 0.9ಕ್ಕಿಂತ ಕಡಿಮೆಯಾದರೆ ಅಪಧಮನಿ ಕಿರಿದಾಗಿದೆ ಅಂತ ಸಂಶಯ. 0.8ಕ್ಕಿಂತ ಇಳಿದರೆ ಬಿಗಿತ ಕಡಿಮೆ ಮಾಡಿ, ಡಾಕ್ಟರ ನಿಗಾದಲ್ಲಿ ಮಾತ್ರ ಕಟ್ಟಬೇಕು. 0.5ಕ್ಕಿಂತ ಕಡಿಮೆಯಿದ್ದರೆ ಬಿಗಿ ಕಟ್ಟು ಕೂಡದು. ಸಕ್ಕರೆ ಕಾಯಿಲೆಯವರಲ್ಲಿ ಅಪಧಮನಿ ಗಡಸಾಗಿ ಅಂಕೆ ಸುಳ್ಳೇ 1.4ರ ಮೇಲೆ ಹೋಗಬಹುದು. ಆಗ ಕಾಲ್ಬೆರಳಿನ ಒತ್ತಡ ನೋಡಬೇಕು.

ಕಾಯಬಾರದ ಎರಡು ಸಂದರ್ಭಗಳಿವೆ. ಒಂದು ಕಾಲು ದಿಢೀರನೆ ಬೀಗಿ, ಬಿಸಿಯಾಗಿ, ಮೀನಖಂಡ ನೋಯತೊಡಗಿದರೆ, ಅದೂ ಆಪರೇಶನ್, ಹೆರಿಗೆ, ದೂರದ ಪ್ರಯಾಣ ಅಥವಾ ಬಹಳ ದಿನ ಹಾಸಿಗೆ ಹಿಡಿದ ಮೇಲೆ ಹಾಗಾದರೆ, ಒಳಸಿರೆಯಲ್ಲಿ ಹೆಪ್ಪುಗಟ್ಟಿರಬಹುದು. ಎಣ್ಣೆ ಹಾಕಿ ತಿಕ್ಕಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಜೊತೆಗೆ ಉಸಿರು ಕಟ್ಟಿದರೆ, ಎದೆನೋವು ಬಂದರೆ ಒಂದು ನಿಮಿಷವೂ ತಡ ಮಾಡುವಂತಿಲ್ಲ. ಎರಡನೆಯದ್ದು ಉಬ್ಬಿದ ಸಿರೆ ಒಡೆದು ರಕ್ತ ಸೋರುವುದು, ಸ್ನಾನದ ಮನೆಯಲ್ಲಿ ಹೀಗಾಗುವುದುಂಟು. ರಕ್ತ ಬಹಳ ಹೋಗುತ್ತದೆ, ಜನ ಗಾಬರಿಯಲ್ಲಿ ನಿಂತೇ ಇರುತ್ತಾರೆ, ನಿಂತಷ್ಟೂ ಹೋಗುತ್ತದೆ. ನೆಲದಲ್ಲೇ ಮಲಗಿ, ಕಾಲನ್ನು ಎದೆಗಿಂತ ಎತ್ತರಕ್ಕೆ ಎತ್ತಿ, ಶುಭ್ರ ಬಟ್ಟೆಯಿಂದ ಆ ಜಾಗವನ್ನೇ ಒತ್ತಿ ಹತ್ತು ಹದಿನೈದು ನಿಮಿಷ ಬಿಡದೆ ಹಿಡಿಯಬೇಕು. ಮೇಲೆ ಹಗ್ಗ ಕಟ್ಟಬಾರದು. ರಕ್ತ ನಿಂತ ಮೇಲೂ ಆಸ್ಪತ್ರೆಗೆ ಹೋಗಲೇಬೇಕು.

ಹಾಗಂತ ಊರಿಗೆಲ್ಲ ಸ್ಕ್ಯಾನ್ ಮಾಡಿಸುವುದು ನನಗೆ ಸರಿಯೆನಿಸುವುದಿಲ್ಲ. ಕೆಲವು ಉಚಿತ ಶಿಬಿರಗಳಲ್ಲಿ ಕೂದಲೆಳೆಯಂಥ ನೀಲಿ ಗೆರೆ ಕಂಡವರಿಗೂ ಲೇಸರ್ ಬೇಕು ಅಂತ ಬರೆದುಕೊಡುತ್ತಾರೆ. ಆ ಎಳೆಗಳಿಂದ ಹೆಚ್ಚಿನವರಿಗೆ ನೋಟದ ತೊಂದರೆ ಬಿಟ್ಟರೆ ಬೇರೇನಿಲ್ಲ. ಉಬ್ಬಿದ ಸಿರೆಯ ಜೊತೆ ಭಾರ, ನೋವು, ಸೆಳೆತ, ಬೀಗು ಇದ್ದವರು, ಚರ್ಮದ ಬಣ್ಣ ಬದಲಾದವರು, ಹುಣ್ಣು ಆದವರು, ಹಿಂದೆ ಹೆಪ್ಪು ಆಗಿದ್ದವರು, ಸಿರೆಯಿಂದ ರಕ್ತ ಸೋರಿದವರು, ಇವರಿಗೆ ಡ್ಯೂಪ್ಲೆಕ್ಸ್ ಆಗಲೇಬೇಕು. ಆಶಾ ಕಾರ್ಯಕರ್ತೆಯರು ಬಿಪಿ, ಶುಗರ್ ನೋಡುವಾಗ “ಕಾಲು ಒಮ್ಮೆ ತೋರಿಸಿ” ಅಂತ ಒಂದು ಮಾತು ಸೇರಿಸಿದರೆ ಇಂಥವರಲ್ಲಿ ಹೆಚ್ಚಿನವರು ಸಿಕ್ಕಿಬಿಡುತ್ತಾರೆ.

ಕೆಲಸದ ಜಾಗದ ಬಗ್ಗೆಯೂ ಹೇಳಬೇಕು. ಕೋಝಿಕ್ಕೋಡಿನ ‘ಪೆಣ್‌ಕೂಟ್ಟ್’ ಸಂಘಟನೆಯ ಪಿ. ವಿಜಿ ಮತ್ತು ಜೊತೆಗಾರರು ವರ್ಷಗಟ್ಟಲೆ ಹೋರಾಡಿದ ಫಲವಾಗಿ ಕೇರಳದಲ್ಲಿ 2018ರಲ್ಲಿ ಅಂಗಡಿ ಕಾಯ್ದೆಗೆ ತಿದ್ದುಪಡಿ ಬಂತು. ಅಂಗಡಿಯಲ್ಲಿ ಕೆಲಸ ಮಾಡುವವರಿಗೆ ಕೂರಲು ಆಸನ ಕೊಡಲೇಬೇಕು. ತಮಿಳುನಾಡಿನಲ್ಲಿ 2021ರಲ್ಲಿ ಇಂಥದ್ದೇ ಕಾನೂನಾಯಿತು. ಕಾಸರಗೋಡಿನ ಅಂಗಡಿಯ ಹುಡುಗಿಗೂ ಈ ಹಕ್ಕು ಉಂಟು. ಆದರೆ ಕೂತದ್ದೇ ಸಾಕಾಗುವುದಿಲ್ಲ, ಕಾಲು ಇಳಿಬಿಟ್ಟು ಅಲುಗದೆ ಕೂತರೂ ಮೀನಖಂಡ ಸುಮ್ಮನೆಯೇ ಇರುತ್ತದೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಹಿಮ್ಮಡಿ ಎತ್ತಿ ಇಳಿಸುತ್ತಿರಬೇಕು, ನಾಲ್ಕು ಹೆಜ್ಜೆ ನಡೆಯಬೇಕು.

ಲೇಸರ್, ರೇಡಿಯೋಫ್ರೀಕ್ವೆನ್ಸಿ, ಫೋಮ್ ಇಂಜೆಕ್ಷನ್, ಆಪರೇಶನ್, ಯಾವುದೇ ಚಿಕಿತ್ಸೆ ಮಾಡಿಸಿದರೂ ಸ್ಕ್ಯಾನ್ ಅಲ್ಲಿಗೆ ಮುಗಿಯುವುದಿಲ್ಲ. ಸಿರೆ ಮುಚ್ಚಿದೆಯೇ, ಹೆಪ್ಪು ಒಳಸಿರೆಯ ಕಡೆ ಸರಿದಿದೆಯೇ ಅಂತ ನೋಡಲು ಡಾಕ್ಟರು ಪುನಃ ಬರಹೇಳಿದರೆ ಬಸ್ಸಿನ ಖರ್ಚು ನೋಡಿ ತಪ್ಪಿಸಬೇಡಿ. ವರ್ಷಗಳ ಮೇಲೆ ಹೊಸ ಸಿರೆ ಉಬ್ಬುವುದೂ ಉಂಟು, ಆಗ ಪುನಃ ನಿಲ್ಲಿಸಿ ನೋಡಬೇಕು. ಸ್ಟಾಕಿಂಗ್ ಬರೆದುಕೊಟ್ಟಿದ್ದರೆ ಕಾಲಿನ ಅಳತೆ ಬೆಳಗ್ಗೆ, ಬೀಗು ಏರುವ ಮೊದಲು ತೆಗೆಸಿ. ಮೂರರಿಂದ ಆರು ತಿಂಗಳಲ್ಲಿ ಅದರ ಬಿಗಿ ಹೋಗುತ್ತದೆ. ಎಳೆದು ಹಾಕುವಾಗ ಮೊದಲಿನಷ್ಟು ಕಷ್ಟವಾಗುತ್ತಿಲ್ಲ ಅನ್ನಿಸಿದರೆ ಹೊಸತು ತರುವ ಹೊತ್ತಾಯಿತು.